ಒಂದ್ನಿಮಿಷಣ್ಣ ಕಾದ ಒಂದು ವರ್ಷ

ಅಂಗಡಿಯ ಬಾಗಿಲಲ್ಲಿ ಯಾರೇ ತಲೆ ಹಾಕಲಿ, ಅವನ ಬಾಯಿಂದ ಬರುವ ಮಾತು ಒಂದೇ: "ಒಂದ್ನಿಮಿಷ, ಕೂತ್ಕೊಳ್ಳಿ." ಆ ನಿಮಿಷ ಅರ್ಧ ಗಂಟೆಯೂ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು. ಅದಕ್ಕೇ ಬೀದಿಯ ಜನ ಅವನಿಗೆ ಒಂದ್ನಿಮಿಷಣ್ಣ ಎಂದು ಹೆಸರಿಟ್ಟರು. ಇಪ್ಪತ್ತೆಂಟು ವರ್ಷದಿಂದ ಅದೇ ಬೀದಿಯಲ್ಲಿ ಕತ್ತರಿ ಹಿಡಿದವನು. ಅವಸರ ಅನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ಹಣೆಯ ಮುಂದಿನ ಕೂದಲಿಗೆ ಎಷ್ಟು ಮರ್ಯಾದೆಯೋ ಕಿವಿಯ ಹಿಂದೆ ಯಾರಿಗೂ ಕಾಣದ ನಾಲ್ಕು ಕೂದಲಿಗೂ ಅಷ್ಟೇ ಮರ್ಯಾದೆ ಕೊಡುವ ಮನುಷ್ಯ. ಬೇಗ ಬೇಗ ಮಾಡಿ ಎಂದರೆ ಕತ್ತರಿ ಕೆಳಗಿಟ್ಟು, "ಅವಸರ ಇದ್ರೆ ಟೋಪಿ ಹಾಕ್ಕೊಂಡು ಹೋಗಿ" ಎನ್ನುತ್ತಿದ್ದ.

ಅಂಗಡಿ ಎಂದರೆ ಒಂದೇ ಕೋಣೆ. ಒಂದು ಗೋಡೆಗೆ ಉದ್ದ ಕನ್ನಡಿ, ಅದರ ಮುಂದೆ ಎರಡು ಕುರ್ಚಿ. ಎದುರು ಗೋಡೆಗೆ ಟಿವಿ, ಅದರ ಕೆಳಗೆ ಹಲಗೆಯ ಮೇಲೆ ವಿಡಿಯೋ ಗೇಮಿನ ಬಿಳಿ ಡಬ್ಬ. ಪಕ್ಕದ ಗೋಡೆಗೆ ಒಂದು ಬೆಂಚು. ಆರು ಜನರಿಗೆ ಮಾಡಿಸಿದ್ದರಲ್ಲಿ ಎಂಟು ಜನ ಕೂರುತ್ತಿದ್ದರು. ಬಿಳಿ ಡಬ್ಬ ತಂದಿಟ್ಟವನು ಅವನ ಭಾಮೈದ. ಹೆಂಡತಿಯ ತಮ್ಮ, ಕೆಲಸ ಕಲಿತದ್ದೂ ಇವನ ಕೈಯಲ್ಲೇ, ಎರಡನೇ ಕುರ್ಚಿಯ ಯಜಮಾನ.

"ಭಾವ, ನಿಮ್ಮ ಒಂದ್ನಿಮಿಷಕ್ಕೆ ಜನ ಎದ್ದು ಹೋಗ್ತಿದಾರೆ. ಕೈಗೊಂದು ಆಟ ಕೊಟ್ರೆ ಕೂತಿರ್ತಾರೆ" ಎಂದಿದ್ದ.

ಕೂತರು. ಎದ್ದು ಹೋಗುವುದನ್ನೇ ಮರೆತು ಕೂತರು.

ಆ ಆಟದಲ್ಲಿ ಒಬ್ಬ ಹುಡುಗಿ ಕುದುರೆ ಏರಿ ಏಳು ಬೆಟ್ಟದ ಊರುಗಳಿಗೆ ಕಾಗದ ಮುಟ್ಟಿಸುತ್ತಾಳೆ. ಒಬ್ಬರೇ ಕೂತು ಆಡಲಿ ಎಂದು ಮಾಡಿದ ಆಟ. ಆದರೆ ಈ ಅಂಗಡಿಯಲ್ಲಿ ಅದಕ್ಕೆ ಬೇರೆಯೇ ಕಟ್ಟಳೆ ಬಂತು. ಬೆಂಚಿಗೆ ಬಂದವನು ತನ್ನ ಸರದಿಯ ತನಕ ಆಡಬಹುದು. ಕುರ್ಚಿಗೆ ಕರೆದ ಕೂಡಲೇ ಹುಡುಗಿ ಎಲ್ಲಿದ್ದಾಳೋ ಅಲ್ಲೇ ಬಿಟ್ಟು, ರಿಮೋಟನ್ನು ಪಕ್ಕದವನ ಕೈಗೆ ಕೊಟ್ಟು ಏಳಬೇಕು. ಅವಳು ಹೊಳೆಯ ನಡುವೆ ಇದ್ದರೂ ಸರಿ, ಕಳ್ಳರು ಬೆನ್ನಿಗೆ ಬಿದ್ದಿದ್ದರೂ ಸರಿ. ಮೊದಲಿಂದ ಶುರು ಮಾಡುವಂತಿಲ್ಲ, ಹಿಂದಿನವನು ಮಾಡಿದ್ದನ್ನು ಅಳಿಸುವಂತಿಲ್ಲ. ಹೀಗೆ ಐದು ವರ್ಷ ಇಡೀ ಬೀದಿ ಸೇರಿ ಒಬ್ಬಳೇ ಹುಡುಗಿಯನ್ನು ಸಾಕಿತು. ಶಾಲೆ ವ್ಯಾನಿನ ಡ್ರೈವರು ಕುದುರೆ ಓಡಿಸುವುದರಲ್ಲಿ ನಿಸ್ಸೀಮ. ಮೂಲೆ ಅಂಗಡಿಯ ಮುದಿ ದರ್ಜಿಗೆ ಕುದುರೆ ಕಂಡರೆ ಭಯ. ಅವರು ತಮ್ಮ ಸರದಿಯಲ್ಲಿ ಹುಡುಗಿಗೆ ಬಟ್ಟೆ ಬದಲಾಯಿಸುತ್ತಿದ್ದರು, ಅಷ್ಟೇ. "ನಿನ್ನೆ ಯಾವನೋ ಅವಳಿಗೆ ಹಸಿರಂಗಿ ಮೇಲೆ ನೀಲಿ ಶಾಲು ಹೊದಿಸಿದಾನೆ, ಕಣ್ಣಿದೆಯಾ ಅವನಿಗೆ?" ಎಂದು ಬೆಳಿಗ್ಗೆಯೇ ಜಗಳ ತೆಗೆಯುತ್ತಿದ್ದರು.

ಒಂದ್ನಿಮಿಷಣ್ಣ ಮಾತ್ರ ಒಮ್ಮೆಯೂ ಆಡಲಿಲ್ಲ. ಕೈ ಯಾವಾಗಲೂ ಯಾರದೋ ತಲೆಯ ಮೇಲೆ. ಆದರೆ ಆಟದ ಒಂದೊಂದು ಕಲ್ಲೂ ಅವನಿಗೆ ಗೊತ್ತು. ನೋಡಿದ್ದೆಲ್ಲ ಕನ್ನಡಿಯಲ್ಲಿ. ಅವನ ಲೆಕ್ಕದಲ್ಲಿ ಹೊಳೆ ಬೆಟ್ಟದ ಎಡಕ್ಕಿತ್ತು, ಬೆಂಚಿನವರ ಲೆಕ್ಕದಲ್ಲಿ ಬಲಕ್ಕೆ. ಕುರ್ಚಿಯಲ್ಲಿ ಕೂತವನೂ ಕನ್ನಡಿ ನೋಡುತ್ತಲೇ, "ಎಡಕ್ಕೆ ತಿರುಗಿಸೋ, ಎಡಕ್ಕೆ!" ಎಂದು ಕೂಗುತ್ತಿದ್ದ. ಅವನ ಮಾತು ಕೇಳಿ ಹುಡುಗಿ ಕಮರಿಗೆ ಬಿದ್ದದ್ದು ಅದೆಷ್ಟು ಸಲವೋ. ಕೊನೆಗೆ ಅಂಗಡಿಯಲ್ಲಿ "ಕುರ್ಚಿ ಎಡ", "ಬೆಂಚಿನ ಎಡ" ಎಂದು ಎರಡು ಎಡ ಹುಟ್ಟಿಕೊಂಡವು. ಯಾರಾದರೂ ಎಡ ಎಂದರೆ, "ಯಾವ ಎಡ?" ಎಂದು ಕೇಳಿಯೇ ರಿಮೋಟು ತಿರುಗಿಸಬೇಕು.

ಏಳು ಬೆಟ್ಟದ ಕಾಗದಗಳೆಲ್ಲ ಮುಟ್ಟಿ, ಹುಡುಗಿ ಬಂದರಿಗೆ ಬಂದು ನಿಂತಳು. ಅಲ್ಲಿಗೆ ಆಟ ಮುಗಿಯಿತು. ಮುಂದೆ ಸಮುದ್ರ, ದೂರದಲ್ಲಿ ಮಂಜು ಮುಸುಕಿದ ದ್ವೀಪ. ಆ ದ್ವೀಪದ ಹೊಸ ಭಾಗ ಬರುತ್ತದೆ ಎಂದು ಸುದ್ದಿಯಾದ ದಿನ ಬೆಂಚಿನಲ್ಲಿ ಚಹಾ ಹಂಚಿದರು. ಮರುದಿನ ಉಳಿದರ್ಧ ಸುದ್ದಿಯನ್ನು ವ್ಯಾನ್ ಡ್ರೈವರು ಕೆಂಡದಂಥ ಮುಖ ಮಾಡಿಕೊಂಡು ತಂದ.

"ಹೊಸ ಭಾಗ ಒಂದು ವರ್ಷ ಕರಿ ಡಬ್ಬದವರಿಗೆ ಮಾತ್ರವಂತೆ. ಆ ಡಬ್ಬದ ಕಂಪನಿಯವರು ಆಟ ಮಾಡೋರಿಗೆ ಮೊದಲೇ ಕೈ ಬಿಸಿ ಮಾಡಿದಾರೆ. ನಮ್ಮದು ಬಿಳಿ ಡಬ್ಬ. ವರ್ಷ ಕಳೀಲಿ, ಆಮೇಲೆ ಬನ್ನಿ ಅಂತ."

"ಇನ್ನೂ ಪೂರ್ತಿ ಮಾಡಿಲ್ವಾ?" ಎಂದರು ದರ್ಜಿ.

"ಮಾಡಿ ಆಗಿದೆ ಮಾವಾ. ರೆಡಿ ಇದೆ. ಕೊಡಲ್ಲ ಅಷ್ಟೇ."

"ಬಟ್ಟೆ ಹೊಲಿದಾಯ್ತು, ಗುಂಡಿನೂ ಹಾಕಾಯ್ತು, ಗೂಟಕ್ಕೆ ನೇತುಹಾಕಿ ವರ್ಷ ಬಿಟ್ಟು ಬನ್ನಿ ಅನ್ನೋದಾ? ನಾನು ಹಂಗೆ ಮಾಡಿದ್ರೆ ಜನ ನನ್ನ ಮೆಷೀನು ಹೊತ್ಕೊಂಡು ಹೋಗಿ ಬಾವಿಗೆ ಹಾಕ್ತಾರೆ!"

ಮುದುಕರ ಮಾತಿನಲ್ಲಿ ತಪ್ಪೇನಿದೆ? ಅವರು ಉಂಡು ಮುಗಿಸಲಿ, ಆಮೇಲೆ ನಿಮಗೆ ಎಂದು ಹಸಿದವನನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾವ ಊರಿನ ನ್ಯಾಯ? ಆದರೆ ಕಂಪನಿಯ ಬಾಗಿಲು ತಟ್ಟಲು ಅದು ಎಲ್ಲಿದೆಯೆಂದು ಯಾರಿಗೆ ಗೊತ್ತು. ಬೈಗುಳವೆಲ್ಲ ಟಿವಿಯ ಮುಖಕ್ಕೇ ಬಿತ್ತು.

ಭಾಮೈದ ಆ ದಿನವೇ ಹೇಳಿದ: "ಭಾವ, ನಾವೂ ಕರಿ ಡಬ್ಬ ತರೋಣ."

"ನಮ್ಮ ಹುಡುಗಿ ಅದರೊಳಗೆ ಬರ್ತಾಳಾ?"

"ಅವಳು ಬರಲ್ಲ. ಅಲ್ಲಿ ಮೊದಲಿಂದ ಆಡ್ಬೇಕು."

"ಐದು ವರ್ಷ ಸಾಕಿದೋಳನ್ನ ಬಂದರಲ್ಲಿ ಬಿಟ್ಟು ಹೋಗೋದಾ? ನನ್ನ ಅಂಗಡಿಯಲ್ಲಿ ಆಗಲ್ಲ."

"ಜನ ಹೋಗ್ತಾರೆ ಭಾವ."

"ಹೋಗೋರು ಹೋಗ್ಲಿ. ನೀನೂ ಹೋಗ್ತೀಯಾದ್ರೆ ಹೋಗು."

ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ಒಂದ್ನಿಮಿಷಣ್ಣನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಭಾಮೈದ ತನ್ನ ಕತ್ತರಿ, ಬಾಚಣಿಗೆ ಒರೆಸಿ ಚೀಲಕ್ಕೆ ಹಾಕಿಯಾಗಿತ್ತು. ತಿಂಗಳೊಳಗೆ ಬೀದಿಯ ಆಚೆ ಬದಿಗೆ ಗಾಜಿನ ಬಾಗಿಲಿನ ಸಲೂನು ಎದ್ದಿತು. ಬಾಗಿಲ ಮೇಲೆ ದ್ವೀಪದ ದೊಡ್ಡ ಚಿತ್ರ, ಒಳಗೆ ಕರಿ ಡಬ್ಬ. ಇವನ ಬೆಂಚಿನಲ್ಲಿ ಎಂಟು ಇದ್ದದ್ದು ನಾಲ್ಕಾಯಿತು. ಕತ್ತರಿಸುವಾಗ ಕನ್ನಡಿಯಲ್ಲಿ ಟಿವಿಯ ಪಕ್ಕಕ್ಕೆ ಬೀದಿಯೂ ಕಾಣುತ್ತಿತ್ತು. ತಾನು ಇಪ್ಪತ್ತು ವರ್ಷ ಬೋಳಿಸಿದ ಗಡ್ಡಗಳು ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗುವುದೂ ಕಾಣುತ್ತಿತ್ತು. ಅಕ್ಕ ತಮ್ಮ ಹಿಂದಿನ ಬಾಗಿಲಲ್ಲಿ ಮಾತಾಡಿಕೊಂಡರು. ಭಾವ ಭಾಮೈದ ವರ್ಷವಿಡೀ ಮುಖ ನೋಡಲಿಲ್ಲ.

ಉಳಿದ ನಾಲ್ಕು ಜನ ಹಟಕ್ಕೆ ಬಿದ್ದು ಉಳಿದರು. ಆಟದಲ್ಲಿ ಮಾಡಲು ಏನೂ ಬಾಕಿ ಇಲ್ಲ. ಆದರೂ ಸರದಿ ತಪ್ಪಿಸಲಿಲ್ಲ. ಒಬ್ಬ ಕುದುರೆಗೆ ಹುಲ್ಲು ಹಾಕುತ್ತಿದ್ದ, ಮುಂದಿನವನು ಮೈ ಉಜ್ಜುತ್ತಿದ್ದ, ದರ್ಜಿ ಶಾಲು ಬದಲಾಯಿಸುತ್ತಿದ್ದರು. ಹುಡುಗಿ ಬಂದರಿನ ಕಟ್ಟೆಯ ಮೇಲೆ ನಿಂತು ಸಮುದ್ರ ನೋಡುತ್ತಿದ್ದಳು. ಅವರು ಉಳಿದದ್ದು ಆಟಕ್ಕಲ್ಲ, ತನ್ನ ಮುಖ ನೋಡಿ ಎಂಬುದು ಒಂದ್ನಿಮಿಷಣ್ಣನಿಗೆ ಗೊತ್ತಿತ್ತು. ಆ ಹುಡುಗಿಗೆ ಏನಾದರೂ ಆದರೆ ಆ ನಾಲ್ಕು ಜನರ ಮುಂದೆ ತಲೆ ಎತ್ತುವುದು ಹೇಗೆ ಎಂದು ಡಬ್ಬದ ಮೇಲಿನ ಧೂಳನ್ನೂ ತಾನೇ ಮೆತ್ತಗೆ ಒರೆಸುತ್ತಿದ್ದ.

ವರ್ಷ ತುಂಬಿತು. ವ್ಯಾನ್ ಡ್ರೈವರು ಹಿಂದಿನ ಸಂಜೆಯೇ ಹೊಸ ಭಾಗ ಕೊಂಡು, "ಅಣ್ಣಾ, ಬೆಳಿಗ್ಗೆ ಬಂದ ತಕ್ಷಣ ಡಬ್ಬ ಆನ್ ಮಾಡಿ ಬಿಟ್ಬಿಡಿ. ಅದರ ಪಾಡಿಗೆ ಅದು ಇಳಿಸ್ಕೊಳ್ಳತ್ತೆ. ಹತ್ತು ಗಂಟೆಗೆ ಮಕ್ಕಳನ್ನ ಶಾಲೆಗೆ ಬಿಟ್ಟು ಬಂದೆ ಅಂತ ತಿಳ್ಕೊಳ್ಳಿ" ಎಂದು ಹೋದ.

ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೆದು, ಕಸ ಗುಡಿಸಿ, ಅವನು ಡಬ್ಬ ಆನ್ ಮಾಡಿದ. ಟಿವಿಯ ಮೇಲೆ ಒಂದು ಚೌಕ ಎದ್ದು ನಿಂತಿತು. ಒಳಗೆ ನಾಲ್ಕು ಸಾಲು ಬರಹ, ಕೆಳಗೆ ಎರಡು ಗುಂಡಿ. ಬರಹ ಓದಲು ಅವನಿಗೆ ಬಾರದು. ಆ ಭಾಷೆಯೇ ಬೇರೆ. ಆದರೆ ಇಂಥ ಚೌಕಗಳನ್ನು ನೂರು ಸಲ ನೋಡಿದ್ದ. ಡಬ್ಬ ಏನಾದರೂ ಕೇಳಿದಾಗಲೆಲ್ಲ ಬೆಂಚಿನವರು "ಬೇಡ ಅನ್ನು, ಬೇಡ ಅನ್ನು" ಎಂದು ಒತ್ತುತ್ತಿದ್ದ ಗುಂಡಿ ಎಡಗಡೆಯದು. ತಿಳಿಯದ್ದಕ್ಕೆ ಬೇಡ ಅನ್ನುವುದೇ ಕ್ಷೇಮ. ಆರು ವರ್ಷದಲ್ಲಿ ಮೊದಲ ಸಲ ರಿಮೋಟು ಕೈಗೆತ್ತಿಕೊಂಡು, ಎಡಗಡೆಯ ಗುಂಡಿ ಒತ್ತಿದ.

ಆ ಎಡ ಕನ್ನಡಿಯ ಎಡ. ಇವನು ಈಗ ಟಿವಿಗೆ ಮುಖ ಮಾಡಿ ನಿಂತಿದ್ದ.

ಒಂದು ಗೆರೆ ಸರ್ರನೆ ಓಡಿತು. ಕುದುರೆ ಏರಿದ ಹುಡುಗಿಯ ಚಿತ್ರವಿದ್ದ ಜಾಗ ಖಾಲಿಯಾಯಿತು.

ಮೇಲೆ ಕೆಳಗೆ, ಆ ಕಡೆ ಈ ಕಡೆ ಹುಡುಕಿದ. ಬೇರೆ ಚಿತ್ರಗಳೆಲ್ಲ ಇದ್ದವು. ಅವಳೊಬ್ಬಳೇ ಇಲ್ಲ. ಅಷ್ಟರಲ್ಲಿ ದರ್ಜಿ ಶಾಲಿನ ಯೋಚನೆಯಲ್ಲೇ ಒಳಗೆ ಬಂದರು.

"ಏನಯ್ಯಾ, ದೋಣಿ ಬಂತಾ? ಇವತ್ತು ಬಿಳಿ ಶಾಲು ಹೊದಿಸೋದು. ಸಮುದ್ರ ಅಂದ್ಮೇಲೆ..." ಇವನ ಮುಖ ನೋಡಿ ನಿಂತರು. "ಯಾಕೆ? ಮನೇಲಿ ಎಲ್ಲಾ ಹುಷಾರಾಗಿದಾರಾ?"

"ಹೋಯ್ತು ಮಾವಾ."

"ಯಾರು?"

"ನಮ್ಮ ಹುಡುಗಿ. ನಾನೇ ಅಳಿಸಿಬಿಟ್ಟೆ. ಈ ಕೈಯಾರೆ."

ದರ್ಜಿ ಬೆಂಚಿನ ಮೇಲೆ ಕುಸಿದು ಕೂತರು. ವ್ಯಾನ್ ಡ್ರೈವರಿಗೆ ಫೋನು ಮಾಡಿದರೆ ಮಕ್ಕಳ ಗದ್ದಲದ ನಡುವೆ ಅವನ ದನಿ ಕೇಳಿತು.

"ಡಿಲೀಟ್ ಒತ್ತಿದ್ರಾ? ಹಾಗಾದ್ರೆ ಮುಗೀತು ಅಣ್ಣಾ! ಡಿಲೀಟ್ ಆಗಿದ್ದು ಎಲ್ಲಾದ್ರೂ ವಾಪಸ್ ಬರತ್ತಾ? ಅಯ್ಯೋ ನನ್ನ ಕರ್ಮವೇ! ಏಯ್, ಕಿಟಕಿಯಿಂದ ಕೈ ಒಳಗೆ ತಗೊಳ್ರೋ!"

ಡ್ರೈವರು ಹೇಳಿದ ಮೇಲೆ ಅದೇ ತೀರ್ಪು. ಒಂದ್ನಿಮಿಷಣ್ಣ ಮೂಲೆಯಲ್ಲಿ ಮಡಚಿಟ್ಟ ಹೊದಿಕೆ ಬಟ್ಟೆಯನ್ನು ಸುಮ್ಮನೆ ಬಿಡಿಸಿ ಮತ್ತೆ ಮಡಚಿದ. ವರ್ಷವಿಡೀ ಈ ನಾಲ್ಕು ಜನ ತನ್ನನ್ನು ನಂಬಿ ಇಲ್ಲೇ ಕೂತರು. ಕಾಯುವಿಕೆ ಮುಗಿದ ಬೆಳಿಗ್ಗೆಯೇ ಅವರ ಕೈಯದನ್ನು ತಾನು ಕಿತ್ತು ಎಸೆದಿದ್ದ. ಮೊದಲಿಂದ ಆಡಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳುವುದು? ಅದೇ ಮಾತು ಹೇಳಿದ್ದಕ್ಕೆ ಅಲ್ಲವೇ ಭಾಮೈದನನ್ನು ಹೊರಗೆ ಹಾಕಿದ್ದು? ಎದ್ದು ಹೋಗಿ ಬಾಗಿಲ ಒಂದು ರೆಕ್ಕೆ ಮುಚ್ಚಿದ.

ಹಿಂದಿನ ಕೋಣೆಯಿಂದ ಚಹಾ ತಂದ ಹೆಂಡತಿಗೆ ವಿಷಯ ತಿಳಿಯಿತು. ಅವಳು ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಎಂದ.

"ಇನ್ನೆಲ್ಲಿಗೆ? ತಮ್ಮನ್ನ ಕರೆಯೋಕೆ."

"ಬೇಡ. ಅವನ ಮುಂದೆ ನಾನು..."

"ನಿಮ್ಮ ಮೂಗು ಕೊಯ್ದರೆ ಮತ್ತೆ ಚಿಗುರತ್ತೆ, ನೀವೇನೂ ಹೆದರಬೇಡಿ. ಈ ಮುದುಕರ ಮುಖ ನೋಡಿ ಒಂದ್ಸಲ!" ಎಂದವಳೇ ಬೀದಿ ದಾಟಿದಳು.

ಭಾಮೈದ ಬಂದ. ಅಂಗಿಯ ಜೇಬಿನಲ್ಲಿ ಕತ್ತರಿ, ಮುಂಗೈ ಮೇಲೆ ಯಾರದೋ ಕೂದಲು. ಅರ್ಧ ಮುಚ್ಚಿದ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ನುಸುಳಿ, ಭಾವನ ಕಡೆ ನೋಡದೆ ಟಿವಿಯ ಕಡೆ ನೋಡಿದ.

"ಏನೊತ್ತಿದ್ರಿ?"

"ಎಡಗಡೇದು."

"ಯಾವ ಎಡ?"

ಒಂದ್ನಿಮಿಷಣ್ಣ ಕನ್ನಡಿಯ ಕಡೆ ತಿರುಗಿ ನೋಡಿದ. "...ಕುರ್ಚಿ ಎಡ ಅಂತ ತಿಳ್ಕೊಂಡು ಬೆಂಚಿನ ಎಡ."

ಭಾಮೈದನ ಭುಜ ಅಲುಗಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕ. ದರ್ಜಿಗೆ ರೇಗಿತು. "ಮನೆಗೆ ಬೆಂಕಿ ಬಿದ್ದಿದೆ, ಇವನಿಗೆ ನಗು!"

"ಬೆಂಕಿ ಬಿದ್ದಿಲ್ಲ ಮಾವಾ. ಡಬ್ಬದಲ್ಲಿ ಜಾಗ ಇರಲಿಲ್ಲ. ಆಟ ತೆಗೆದು ಜಾಗ ಮಾಡ್ಲಾ ಅಂತ ಅದು ಕೇಳಿದೆ, ಭಾವ ಹೂಂ ಅಂದಿದಾರೆ. ಹೋಗಿರೋದು ಆಟ. ನಮ್ಮ ಹುಡುಗಿ ಎಲ್ಲೆಲ್ಲಿ ನಡೆದ್ಲು, ಏನೇನು ಮಾಡಿದ್ಲು, ಆ ಲೆಕ್ಕ ಡಬ್ಬದಲ್ಲಿ ಬೇರೆ ಕಡೆ ಇರತ್ತೆ. ಆಟ ಮತ್ತೆ ಇಳಿಸಿದ್ರೆ ಎಲ್ಲಿ ಬಿಟ್ಟಿದ್ರೋ ಅಲ್ಲಿಂದಾನೇ. ನಾನು ಆ ಕಡೆ ಅಂಗಡೀಲಿ ತಿಂಗಳಿಗೊಂದ್ಸಲ ತೆಗೆದು ಹಾಕ್ತೀನಿ."

"ಡ್ರೈವರು ಮುಗೀತು ಅಂದ್ನಲ್ಲಯ್ಯಾ?" ಎಂದರು ದರ್ಜಿ.

"ಅವನು ವ್ಯಾನ್ ಓಡಿಸ್ಲಿ."

ಅವನು ಗುಂಡಿ ಒತ್ತುತ್ತ ಎಲ್ಲೋ ಒಳಗೊಳಗೆ ಹೋಗಿ, ಒಂದು ಸಣ್ಣ ಸಾಲು ತೋರಿಸಿದ. "ಇಗೋ, ಹೆಸರು. ನಿನ್ನೆ ತಾರೀಖು."

ಒಂದ್ನಿಮಿಷಣ್ಣನಿಗೆ ನಂಬಿಕೆ ಬರಲಿಲ್ಲ. "ಹೆಸರು ಹಾಜರಿ ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ಮನುಷ್ಯ ಕ್ಲಾಸಲ್ಲಿ ಇದಾನೆ ಅಂತೇನು? ನಾನು ಶಾಲೆಗೆ ಹೋಗಿದ್ದೇ ಹಾಗೆ" ಎಂದ. ಭಾಮೈದ ಜಾಗ ಮಾಡಲು ಯಾರೂ ಆಡದ ಎರಡು ಹಳೆಯ ಆಟ ತೆಗೆದು, ಮೊದಲು ಹುಡುಗಿಯ ಆಟ, ಅದರ ಬೆನ್ನಿಗೆ ಹೊಸ ಭಾಗ ಇಳಿಯಲು ಹಚ್ಚಿ ತನ್ನ ಸಲೂನಿಗೆ ಮರಳಿದ. ಪರದೆಯ ಮೇಲೆ ಒಂದು ಖಾಲಿ ಪಟ್ಟಿ, ಅದರ ತುದಿಯಲ್ಲಿ ಕೂದಲೆಳೆಯಷ್ಟು ಹಸಿರು. ಆರು ಗಂಟೆ ಹಿಡಿಯುತ್ತದೆಯಂತೆ.

ಹತ್ತಕ್ಕೆ ವ್ಯಾನ್ ಡ್ರೈವರು ಓಡಿ ಬಂದ. ಹನ್ನೊಂದಕ್ಕೆ ಉಳಿದಿಬ್ಬರು ಬಂದರು. ಒಂದ್ನಿಮಿಷಣ್ಣ ಒಬ್ಬೊಬ್ಬರಿಗೂ ತಾನೇ ಬಾಯಿಬಿಟ್ಟು ಹೇಳಿದ: "ನಾನೇ ಮಾಡಿದ್ದು. ಸಿಕ್ಕರೆ ನಿಮ್ಮ ಪುಣ್ಯ, ಸಿಗದಿದ್ರೆ ನನ್ನ ಪಾಪ." ಯಾರೂ ಬೈಯಲಿಲ್ಲ. ಬೈದಿದ್ದರೆ ಮೇಲಾಗಿತ್ತು. ಆ ದಿನ ಅವನು ರೇಜರ್ ಮುಟ್ಟಲಿಲ್ಲ, ಕಣ್ಣು ಮತ್ತೆ ಮತ್ತೆ ಹಸಿರು ಪಟ್ಟಿಗೇ ಓಡುತ್ತಿತ್ತು. ಕತ್ತರಿ ಕೆಲಸ ಮಾತ್ರ ಮಾಡಿದ. ಶೇವಿಂಗಿಗೆ ಬಂದವರನ್ನು ಆಚೆ ಬದಿಗೆ ಕಳಿಸಿದ. ಕಳಿಸಿದವರು ಸುದ್ದಿ ಹೊತ್ತುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ವರ್ಷದಿಂದ ಈ ಕಡೆ ಕಾಲಿಡದ ಮುಖಗಳು ಒಂದೊಂದಾಗಿ ಬಾಗಿಲಲ್ಲಿ ಕಾಣಿಸಿಕೊಂಡವು. "ಬಂದಳಾ?" ಎಂದು ಕೇಳಿ, ಗೋಡೆಗೊರಗಿ ನಿಲ್ಲುವರು. ಬೆಂಚು ತುಂಬಿತು. ಹೊಸ್ತಿಲೂ ತುಂಬಿತು.

"ನೀವು ದ್ವೀಪ ನೋಡಿ ಆಯ್ತಲ್ಲ, ಇಲ್ಲೇನು ಕೆಲಸ?" ಎಂದು ಡ್ರೈವರು ಕುಟುಕಿದ.

"ನೋಡಿದ್ವಪ್ಪಾ. ಇಪ್ಪತ್ತೇ ದಿನದಲ್ಲಿ ಮುಗೀತು" ಎಂದ ಒಬ್ಬ, ಪಕ್ಕದ ಬೀದಿಯ ಕೊಳಾಯಿ ರಿಪೇರಿಯವನು. "ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹುಡುಗಿ. ನನ್ನ ಹುಡುಗಿ ಏನು ಮಾಡಿದ್ಲು ಅಂತ ನಿನಗ್ಯಾಕೆ, ನಿನ್ನ ಹುಡುಗಿ ನನಗ್ಯಾಕೆ. ಈಗ ಎಲ್ಲ ಫೋನ್ ನೋಡ್ತಾ ಕೂತಿರ್ತಾರೆ."

ಭಾಮೈದನ ಕಡೆ ಒಂದ್ನಿಮಿಷಣ್ಣ ಕನ್ನಡಿಯಲ್ಲೇ ಒಂದು ನೋಟ ನೋಡಿದ. ಅವನು ತನ್ನ ಸಲೂನು ಮುಚ್ಚಿ ಬಂದು, ಕೇಳದೆಯೇ ಎರಡನೇ ಕುರ್ಚಿಯ ಮೇಲಿನ ಪೇಪರಿನ ಕಟ್ಟು ಎತ್ತಿ ಕೆಳಗಿಟ್ಟು, ಸೀಟು ಒರೆಸುತ್ತಿದ್ದ.

ಮೂರೂವರೆಗೆ ಹಸಿರು ಪಟ್ಟಿ ತುಂಬಿತು. ಚಿತ್ರ ಬಂತು. ಭಾಮೈದ ರಿಮೋಟು ಎತ್ತಿದ. ಆಟ ತೆರೆಯಿತು, ಸಂಗೀತ ಶುರುವಾಯಿತು. ಒಂದ್ನಿಮಿಷಣ್ಣ ಕತ್ತರಿ ಕೆಳಗಿಟ್ಟು, ಕುರ್ಚಿಯಲ್ಲಿದ್ದವನನ್ನು ಅರ್ಧ ತಲೆಗೆ ಬಿಟ್ಟು, ಟಿವಿಗೆ ಮುಖ ತಿರುಗಿಸಿ ನಿಂತ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

"ದೇವರೇ" ಎಂದರು ದರ್ಜಿ.

ಅಲೆಯ ಸದ್ದು ಕೇಳಿತು. ಬೆಳಕು ಹರಿಯಿತು. ಬಂದರಿನ ಕಟ್ಟೆ, ಕಟ್ಟೆಯ ಮೇಲೆ ಕುದುರೆ, ಕುದುರೆಯ ಪಕ್ಕ ಅವಳು. ಹಸಿರಂಗಿ, ನಿನ್ನೆ ದರ್ಜಿ ಹೊದಿಸಿದ ಹಳದಿ ಶಾಲು. ಆಚೆ ನೀರಿನ ಮೇಲೆ, ವರ್ಷದಿಂದ ಖಾಲಿ ಇದ್ದ ಜಾಗದಲ್ಲಿ, ಒಂದು ದೋಣಿ ಕಾಯುತ್ತಿತ್ತು.

ಕೂಗು ಎದ್ದಿತು ನೋಡಿ, ಬೀದಿಯ ಕೊನೆಯವರೆಗೂ ಕೇಳಿತಂತೆ. ಡ್ರೈವರು ಬೆಂಚಿನ ಮೇಲೆ ಹತ್ತಿ ಕುಣಿದ. "ನನ್ನ ಶಾಲು! ನನ್ನ ಶಾಲು ನೋಡ್ರೋ, ಒಂದು ಸುಕ್ಕೂ ಬಿದ್ದಿಲ್ಲ!" ಎಂದು ದರ್ಜಿ ಎಲ್ಲರ ಅಂಗಿ ಹಿಡಿದೆಳೆದು ತೋರಿಸಿದರು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಅರೆಕಲ್ಲು ಉರುಳಿ ಬಿದ್ದಂತಾಗಿ, ಒಂದ್ನಿಮಿಷಣ್ಣ ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ. ಹೆಂಡತಿ ಬಂದು ನೋಡಿದಳು. ಕಣ್ಣು ಒದ್ದೆ.

"ಏನ್ರೀ?"

"ಹಸಿವು ಕಣೇ" ಎಂದ. ಸುಳ್ಳೇನೂ ಅಲ್ಲ. ಬೆಳಿಗ್ಗೆಯಿಂದ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಅವಳು ಬಡಿಸಿದ್ದನ್ನು ಇಬ್ಬರ ಊಟ ಉಂಡ ಹಾಗೆ ಉಂಡು, ನೀರು ಕುಡಿದು, ದೊಡ್ಡದಾಗಿ ತೇಗಿ, ಕೈ ಒರೆಸಿಕೊಂಡು ಹೊರಗೆ ಬಂದ.

ಹೊರಗೆ ಆಗಲೇ ಜಗಳ ಹತ್ತಿತ್ತು. ದೋಣಿ ಮೊದಲು ಯಾರು ಹತ್ತಿಸಬೇಕು? ವರ್ಷ ಕಾದವರೋ, ಬಿಟ್ಟು ಹೋಗಿ ಬಂದವರೋ? ಒಂದ್ನಿಮಿಷಣ್ಣ ಚಪ್ಪಾಳೆ ತಟ್ಟಿದ. "ಸದ್ದು! ಇದು ಕ್ಷೌರದಂಗಡಿ. ಯಾರ ಸರದಿಯೋ ಅವರ ಕೈಗೆ ರಿಮೋಟು. ಮೊದಲು ಬಂದೋರು ದರ್ಜಿ ಮಾವ."

ದರ್ಜಿ ರಿಮೋಟು ಹಿಡಿದರು. ಮೊದಲು ಬಿಳಿ ಶಾಲು ಹೊದಿಸಿದರು, ಅದಕ್ಕೆ ಕಾಲು ಗಂಟೆ. ಆಮೇಲೆ ಕುದುರೆಯ ಸಮೇತ ಹುಡುಗಿಯನ್ನು ಮೆಲ್ಲಗೆ ದೋಣಿಗೆ ಹತ್ತಿಸಿದರು. ಎರಡೂ ಕುರ್ಚಿಯಲ್ಲಿ ಕತ್ತರಿ ಸದ್ದು ಮಾಡತೊಡಗಿತು. ಮಂಜು ಸರಿಯಿತು. ದ್ವೀಪದ ದಡದಲ್ಲಿ ದಾರಿ ಎರಡಾಗಿ ಒಡೆದಿತ್ತು, ಒಂದು ಕಾಡಿಗೆ, ಒಂದು ಗುಹೆಗೆ.

"ಯಾವ ಕಡೆಗಯ್ಯಾ? ನೀನು ನೋಡಿದೀಯಲ್ಲ, ಹೇಳು" ಎಂದರು ದರ್ಜಿ, ಭಾಮೈದನಿಗೆ.

ಅವನಿಗೆ ಎಲ್ಲ ಗೊತ್ತು. ಯಾವ ದಾರಿಯಲ್ಲಿ ಏನಿದೆ, ಕೊನೆಗೆ ಏನಾಗುತ್ತದೆ, ಎಲ್ಲ. ಅವನು ಭಾವನ ಕಡೆ ನೋಡಿದ. ಭಾವ ಬಾಚಣಿಗೆ ಎತ್ತಿ ಬೆದರಿಸಿದ: "ಬಾಯಿ ಬಿಟ್ರೆ ಅರ್ಧ ಮೀಸೆ ಬೋಳಿಸಿ ಕಳಿಸ್ತೀನಿ."

"ನನಗೇನೂ ಗೊತ್ತಿಲ್ಲಪ್ಪ" ಎಂದ ಭಾಮೈದ, ಮುಂದೆ ಕೂತ ತಲೆಗೆ ನೀರು ಚಿಮುಕಿಸುತ್ತ. "ನಾನೂ ಈಗ್ಲೇ ನೋಡ್ತಿರೋದು."